ಕುಳಿತು ಕೇಳಿದ ಬ್ಯಾಂಡು

ಆ ಸಂಜೆ ಮಾಸ್ತರರ ಬ್ಯಾಂಡು ತಪ್ಪಾಗಿ ಊದಿತು, ತಪ್ಪಾಗಿ ಊದಿಯೂ ಗೆದ್ದಿತು. ನಡೆದದ್ದು ಇಷ್ಟೇ. ಮಾಸ್ತರರು ಅದನ್ನು ಮೊದಲೇ ಯೋಚಿಸಿ ಬೇಕಂತಲೇ ಮಾಡಿಸಿದರು ಎಂದು ಚಿಕ್ಕೋಡಿಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಸುಳ್ಳು. ನಾನು ಅಲ್ಲೇ ಕುಳಿತಿದ್ದೆ, ಅವರ ಮುಖ ನೋಡಿದ್ದೇನೆ.

ಆ ಮುಖದಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಮೇಲ್ತುಟಿ. ಅದರ ನಡುವೆ ಒಂದು ಗಟ್ಟಿಯಾದ ದುಂಡು ಗುರುತಿತ್ತು. ಎಳೆ ವಯಸ್ಸಿನಿಂದ ಟ್ರಂಪೆಟ್ಟಿನ ಹಿತ್ತಾಳೆಯ ಬಾಯಿ ಒತ್ತಿ ಒತ್ತಿ ಅಲ್ಲಿ ಮೀಸೆ ಹುಟ್ಟುವುದನ್ನೇ ಬಿಟ್ಟಿತ್ತು. ಎರಡೂ ಕಡೆ ದಪ್ಪ ಮೀಸೆ, ನಡುವೆ ಬಯಲು. ಹೊಸಬರು ನೋಡಿದರೆ ಕ್ಷೌರ ಮಾಡುವವನ ಕೈ ತಪ್ಪಿದೆ ಅಂದುಕೊಳ್ಳಬೇಕು. ಚಹಾ ಕುಡಿಯುವಾಗ ಬಸಿಯನ್ನು ತುಟಿಯ ಒಂದು ಮೂಲೆಗೆ ಹಿಡಿಯುತ್ತಿದ್ದರು, ನಡುತುಟಿಗೆ ಬಿಸಿ ತಾಗಬಾರದು. ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಬಡಿಸುವವರು ಒತ್ತಾಯ ಮಾಡಿದರೆ, “ಬ್ಯಾಡ್ರಿ, ಈ ತುಟಿ ನಂದಲ್ಲ, ಬ್ಯಾಂಡಿಂದು” ಎನ್ನುತ್ತಿದ್ದರು.

ನಾನು ಎರಡನೆಯ ಇಯತ್ತೆ ಕಲಿತವಳು. ನಮ್ಮ ಮನೆಯವರು ಟೆಂಪೋ ಹೊಡೆಯುತ್ತಿದ್ದರು. ತೊಂಬತ್ತರ ದಶಕದಲ್ಲಿ ಒಮ್ಮೆ ಅಥಣಿ ಕಡೆಯ ದ್ರಾಕ್ಷಿ ಹೇರಿಕೊಂಡು ಮುಂಬೈಗೆ ಹೋದವರು ಬರುವಾಗ ಟೀವಿಗೆ ಹಚ್ಚಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆ ತಂದರು. ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಸಣ್ಣ ಕೋಣೆ ಇತ್ತು. ಅಲ್ಲಿ ಹಳೆಯ ಟೀವಿ ಇಟ್ಟು ಅಂಗಡಿ ಮಾಡಿದರು. ಅವರು ರಸ್ತೆಯ ಮೇಲೆ, ನಾನು ಅಂಗಡಿಯಲ್ಲಿ. ಹುಡುಗರು “ಮಾವಶಿ, ನಂದ ಪಾಳಿ! ಮಾವಶಿ, ಇಂವ ಸುಳ್ಳ ಹೇಳಾಕತ್ತಾನ!” ಎಂದು ಮೈಮೇಲೆ ಬೀಳುತ್ತಿದ್ದರು. ಎಲ್ಲರಿಗೂ ಬೇಕಾದ ಆಟ ಒಂದೇ. ಒಬ್ಬ ಸಣ್ಣ ಸಿಪಾಯಿ ಕಾಡು, ಗುಹೆ, ಹೊಳೆ ದಾಟಿ ಕಡೆಗೆ ಕೋಟೆಯೊಳಗೆ ಹೋಗಬೇಕು. ಒಂದೊಂದು ಜಾಗಕ್ಕೆ ಒಂದೊಂದು ಹಾಡು. ಹಾಡು ಅಂದರೆ ಬರೀ ಸುರ, ಮಾತಿಲ್ಲ. ನನ್ನ ಪಾಲಿಗೆ ಅದು ದಿನವಿಡೀ ಕೀಂ ಕೀಂ ಎನ್ನುವ ತಲೆನೋವು.

ಮಾಸ್ತರರು ನಮ್ಮ ಓಣಿಯವರೇ. ರಾಯಬಾಗದಿಂದ ನಿಪ್ಪಾಣಿಯವರೆಗೆ ಮದುವೆಗಳಿಗೆ ಅವರ ಬ್ಯಾಂಡು ಹೋಗುತ್ತಿತ್ತು. ಒಂದು ದಿನ ಬಂದು ಅಂಗಡಿಯ ಬಾಗಿಲಲ್ಲಿ ನಿಂತರು. ಟೀವಿಗೆ ಬೆನ್ನು, ಮುಖ ರಸ್ತೆಗೆ. ಬಹಳ ಹೊತ್ತು ಹಾಗೇ ನಿಂತದ್ದು ನೋಡಿ ಕೇಳಿದೆ.

“ಮಾಸ್ತರ, ಆಡ್ತೀರೇನ್ರಿ?”

“ಇಲ್ಲ ತಂಗಿ, ಕೇಳಾಕತ್ತೇನಿ.”

“ಕೇಳಾಕ ಏನೈತಿ ಇದರಾಗ?”

“ಒಳಗ ಮೂರು ಮಂದಿ ಊದಾಕತ್ತಾರ. ಒಬ್ಬಾಂವ ಮ್ಯಾಲ, ಒಬ್ಬಾಂವ ಕೆಳಗ, ಒಬ್ಬಾಂವ ನಡುವ ಸುತ್ತು ಹಾಕ್ತಾನ. ನಿಂಗ ಕೇಳಸಂಗಿಲ್ಲ?”

ನನಗೆ ಕೇಳಿಸಿದ್ದು ಹುಡುಗರ ಜಗಳ. ಹಾಗಂತಲೇ ಹೇಳಿದೆ. ಅವರು ನಕ್ಕು ಮತ್ತೆ ರಸ್ತೆಗೆ ಮುಖ ಮಾಡಿದರು. ಚಿತ್ರ ನೋಡಿದರೆ ಕಿವಿ ಮಂದವಾಗುತ್ತದಂತೆ. ಬಲಗೈ ಬೆರಳುಗಳು ಎಡಗೈ ತೋಳಿನ ಮೇಲೆ ಕುಣಿಯುತ್ತಿದ್ದವು. ಹಾಡು ಅವರು ಕಲಿಯುತ್ತಿದ್ದದ್ದು ಹಾಗೆ. ಬಾಯಲ್ಲಿ ಗುನುಗುತ್ತಿರಲಿಲ್ಲ, ಎಲ್ಲಿಯೂ ಬರೆದುಕೊಳ್ಳುತ್ತಿರಲಿಲ್ಲ. ಅಂದಿನಿಂದ ದಿನಾ ಬಂದರು.

ಅವರಿಗೆ ಒಂದು ಸಂಕಟವಿತ್ತು. ಶ್ರಾವಣ ಶುರುವಾಗುವ ಹೊತ್ತಿಗೆ ಅದು ನನ್ನ ಅಂಗಡಿಯ ಮುಂದೆಯೇ ಹೊರಗೆ ಬಂತು. ಓಣಿಯ ಗಣಪತಿ ಮಂಡಳದ ಅಧ್ಯಕ್ಷ ಹಬ್ಬದ ಚಂದಾ ಪಟ್ಟಿ ಎತ್ತಲು ಬಂದಿದ್ದ. ಮಾಸ್ತರರು ಅವನ ಕೈ ಹಿಡಿದು ನಿಲ್ಲಿಸಿದರು.

“ಅಧ್ಯಕ್ಷರ, ಈ ಸಲ ನಮಗ ಸ್ಟೇಜ್ ಕೊಡ್ರಿ.”

“ಏ ಮಾಸ್ತರ, ತಲಿ ಕೆಟ್ಟೈತೇನ? ಸ್ಟೇಜ್ ಮ್ಯಾಲ ಕೊಲ್ಹಾಪುರದ ಆರ್ಕೆಸ್ಟ್ರಾ. ನೀವು ವಿಸರ್ಜನೆ ದಿನಾ ರೋಡ್ ಮ್ಯಾಲ.”

“ಅವರ ಗಾಡಿ ಬರೂತನಕ ಕೊಡ್ರಿ. ಅರ್ಧಾ ತಾಸು.”

“ಮಂದಿ ಎದ್ದ ಹ್ವಾದ್ರ?”

“ಹ್ವಾದ್ರ ಸ್ಟೇಜ್ ಅನ್ನೂ ಮಾತ ಮತ್ತ ಬಾಯಾಗ ತಗೊಳ್ಳಂಗಿಲ್ಲ. ಸಾಯೂತನಕ ರೋಡ್ ಮ್ಯಾಲ ನಡೀತೇನಿ.”

“ಅಲ್ರಿ, ನೀವು ಊದಾವ್ರರೆ ಏನನ್ನ? ಸಿನಿಮಾ ಹಾಡ ಅವ್ರೂ ಹೇಳ್ತಾರ, ಹಾಡಾಕ ಹುಡಿಗೀನೂ ಕರಕೊಂಡ ಬರ್ತಾರ.”

ಮಾಸ್ತರರು ತಿರುಗಿ ನನ್ನ ಟೀವಿಯ ಕಡೆ ಕೈ ಮಾಡಿದರು. “ಇದನ್ನ.”

ಅಧ್ಯಕ್ಷ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಆದರೆ ನಗುವಿನ ಭರದಲ್ಲೇ ಅವನು ಅರ್ಧ ತಾಸು ಕೊಟ್ಟು ಹೋದ.

ಅವನು ಹೋದ ಮೇಲೆ ಮಾಸ್ತರರು ಹೊಸ್ತಿಲ ಹತ್ತಿರ ಸರಿದು ಹೇಳಿದರು: “ನಮ್ಮ ಬ್ಯಾಂಡ್ ಯಾರರೆ ಕುಂತ ಕೇಳಿದ್ದ ನೋಡೀಯೇನ ತಂಗಿ? ಮುಂದ ಕುಣೀತಾರ, ಹಿಂದ ನಡೀತಾರ, ಮದಿಮಗ ಕುದರಿ ಮ್ಯಾಲ ತೂಕಡಸ್ತಾನ. ಕುರ್ಚಿ ಮ್ಯಾಲ ಕುಂತ, ನಮ್ಮ ಕಡೆ ಮುಖಾ ಮಾಡಿ ಯಾರೂ ಕೇಳಿಲ್ಲ. ಸಿನಿಮಾ ಹಾಡ ಊದಿದ್ರ ಮಂದಿ ಹಾಡಾಂವ ಎಲ್ಲಿ ಅಂತ ಹುಡಕ್ತಾರ. ಇದಕ್ಕ ಹಾಡಾಂವ ಇಲ್ಲ ನೋಡು. ಊದಾವ್ರನ್ನ ನೋಡಬೇಕ.”

ನನ್ನ ನಗು ಅಲ್ಲಿಗೆ ನಿಂತಿತು.

ಬ್ಯಾಂಡಿನವರು ಹಳೆಯ ಗೋದಾಮಿನ ಅಂಗಳದಲ್ಲಿ ತಾಲೀಮು ಮಾಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ಹಗಲು ಕಬ್ಬಿನ ಹೊಲದಲ್ಲಿ ದುಡಿಯುವವರು. ಮಾಸ್ತರರು ಒಂದು ತುಣುಕು ಊದುವುದು, ಅವರು ಕೇಳಿ ತಮ್ಮ ತಮ್ಮ ಪಾಲು ಹಿಡಿಯುವುದು. ಒಮ್ಮೆ ಹಿಡಿದದ್ದು ಉಸಿರಿನಲ್ಲಿ ಕೂತುಬಿಡುತ್ತಿತ್ತು, ಆಮೇಲೆ ಕಿತ್ತು ತೆಗೆಯುವುದು ಕಷ್ಟ. ಹಬ್ಬಕ್ಕೆ ಇನ್ನೊಂದು ವಾರವಿದ್ದಾಗ ನಾನು ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬರುತ್ತಾ ಅಲ್ಲಿ ನಿಂತೆ. ಗುಹೆಯ ಹಾಡು ನಡೆದಿತ್ತು. ಕ್ಲಾರ್ನೆಟ್ಟು ಮೇಲೆ, ದೊಡ್ಡ ಕಹಳೆ ಕೆಳಗೆ, ಟ್ರಂಪೆಟ್ಟುಗಳು ನಡುವೆ ಸುತ್ತುತ್ತಿದ್ದವು. ಮೂರು ಮಂದಿ ನನಗೆ ಅವತ್ತು ಕೇಳಿಸಿದರು. ನನ್ನ ತಲೆನೋವು ಅಷ್ಟು ದೊಡ್ಡದಾಗಿ, ಅಷ್ಟು ಚೆಂದಾಗಿ ಆಗಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಸುರಗಳೆಲ್ಲ ಮೆಟ್ಟಿಲಿನಿಂದ ಬಿದ್ದ ಪಾತ್ರೆಯ ಹಾಗೆ ದಡದಡ ಕೆಳಗಿಳಿದವು. ಕೊನೆಗೆ ಡ್ರಮ್ಮಿನ ಒಂದು ಗುದ್ದು. ಮತ್ತೆ ಹಾಡು ಮೊದಲಿನಿಂದ ಶುರುವಾಯಿತು.

ನಾನು ನೇರ ಒಳಗೆ ಹೋದೆ. “ಮಾಸ್ತರ, ಅದೇನ ಕಡೀಕ ದಡದಡ ಊದಿದ್ರಿ?”

“ಹಾಡಿನ ಮುಕ್ತಾಯ.”

“ಹಾಡಿನ ಮುಕ್ತಾಯ ಅಲ್ರಿ ಅದು. ಸಿಪಾಯಿ ಸತ್ತದ್ದು.”

ಊದುವವರೆಲ್ಲ ಕೈಯಿಳಿಸಿ ನನ್ನನ್ನೇ ನೋಡಿದರು. ಹುಡುಗರು ಗುಹೆಯಲ್ಲಿ ಅದೇ ಕಮರಿಗೆ ಬಿದ್ದು ಸಾಯುತ್ತಿದ್ದರು. ಸತ್ತಾಗ ಪೆಟ್ಟಿಗೆ ಆ ದಡದಡ ಸುರ ಹಾಕಿ, ಗುಹೆಯನ್ನು ಮತ್ತೆ ಮೊದಲಿನಿಂದ ಹಚ್ಚುತ್ತಿತ್ತು. ಬೆನ್ನು ತಿರುಗಿಸಿ ನಿಂತ ಮಾಸ್ತರರಿಗೆ ಬರೀ ಕೇಳಿಸುತ್ತಿತ್ತು. ಹಾಡು ಇರುವುದೇ ಹಾಗೆ ಎಂದು ತಿಳಿದಿದ್ದರು. ಇಡೀ ಬ್ಯಾಂಡಿಗೆ ಸಾಯುವುದನ್ನೂ ಕಲಿಸಿಬಿಟ್ಟಿದ್ದರು.

“ಹಂಗಾರ ಖರೇ ಹಾಡು ಎಲ್ಲೀತನಕ ಐತಿ?” ಎಂದರು. ದನಿ ಇಳಿದಿತ್ತು.

“ನಂಗೇನ ಗೊತ್ತು? ಅಲ್ಲೀತನಕ ಯಾರೂ ಹೋಗೇ ಇಲ್ಲ.”

“ನೀ ಹೋಗ.”

“ನಾ?”

“ನೀನ. ಹುಡುಗರಿಗೆ ತಾಳ್ಮಿ ಇಲ್ಲ ಬೇ, ಓಡಿ ಓಡಿ ಬೀಳ್ತಾವ.”

ಹುಡುಗರು ಸಾಲೆಗೆ ಹೋದ ಹೊತ್ತಿನಲ್ಲಿ ನಾನು ಆಡಲು ಕುಳಿತೆ. ಮಾಸ್ತರರು ಬಾಗಿಲಲ್ಲಿ ಬೆನ್ನು ಹಾಕಿ ನಿಂತರು. ಸತ್ತೆ. ಮತ್ತೆ ಆಡಿದೆ, ಮತ್ತೆ ಸತ್ತೆ. ಹೊಳೆ ದಾಟುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ಬಂದ ಮೇಲೆ ಮತ್ತೆ ಕಾಡಿನಿಂದ ಹೊರಡಬೇಕು. ನಮ್ಮ ಅತ್ತೆ ಒಮ್ಮೆ ಬಂದು ನೋಡಿ, “ಮನ್ಯಾಗ ತೊಳಿಯೂ ಭಾಂಡೆ ಬಿದ್ದಾವ, ಇಕಿ ಇಲ್ಲಿ ಹೊಳಿ ದಾಟಾಕತ್ತಾಳ” ಎಂದು ಹೋದಳು. ನಾನು ಎದ್ದೇಳಲಿಲ್ಲ. ಹೊಳೆ ದಾಟಿದೆ. ಆ ಹಾಡೇ ಬೇರೆ, ತೊಟ್ಟಿಲು ತೂಗಿದ ಹಾಗೆ. ಮರುದಿನ ಕೋಟೆಯೊಳಗೆ ಕಾಲಿಟ್ಟೆ. ಅಲ್ಲಿ ಒಂದು ಕಂಬದ ಹಿಂದೆ ಯಾರ ಬಾಣವೂ ತಾಗುತ್ತಿರಲಿಲ್ಲ. ಸಿಪಾಯಿಯನ್ನು ಅಲ್ಲಿ ನಿಲ್ಲಿಸಿ ಕೈ ತೆಗೆದೆ. ಅವನು ನಿಂತಷ್ಟು ಹೊತ್ತೂ ಕೋಟೆಯ ಹಾಡು ಸುತ್ತಿ ಸುತ್ತಿ ಬಂತು.

“ಕಲೀರಿ ಮಾಸ್ತರ. ನಾ ಇಂವನ್ನ ಸಾಯಾಕ ಬಿಡಂಗಿಲ್ಲ.”

ಅವರ ಬೆರಳು ತೋಳಿನ ಮೇಲೆ ಓಡಿದವು. ಕರೆಂಟು ಹೋಗುವವರೆಗೂ ಓಡಿದವು.

ಹೊಸ ಹಾಡುಗಳನ್ನು ಬ್ಯಾಂಡಿನವರು ಬೇಗ ಹಿಡಿದರು. ಹಳೆಯ ದಡದಡ ಮಾತ್ರ ಬಿಡಲೊಲ್ಲದು. ಗುಹೆಯ ಹಾಡಿನಲ್ಲಿ ಆ ಜಾಗ ಬಂದರೆ ಯಾರಾದರೊಬ್ಬರು ಬಿದ್ದೇ ಬೀಳುತ್ತಿದ್ದರು.

ಹಬ್ಬದ ಆ ದಿನ ಹೊತ್ತು ಮುಳುಗುವ ಮೊದಲು ಕುರ್ಚಿಗಳು ತುಂಬಿದವು. ಬಂದವರೆಲ್ಲ ಆರ್ಕೆಸ್ಟ್ರಾಕ್ಕೆಂದು ಜಾಗ ಹಿಡಿದವರು. ಹುಡುಗರು ಮುಂದೆ ಜಮಖಾನೆಯ ಮೇಲೆ, ನಾನು ಹೆಂಗಸರ ಕಡೆ. ಕೆಂಪು ಕೋಟು ಹಾಕಿಕೊಂಡು ಬ್ಯಾಂಡಿನವರು ಸ್ಟೇಜು ಹತ್ತಿದಾಗ ಹಿಂದಿನಿಂದ ಒಬ್ಬ, “ಮದಿಮಗ ಎಲ್ಲಿ ಅದಾನೋ?” ಎಂದು ಕೂಗಿದ. ಎಲ್ಲರೂ ನಕ್ಕರು. ಕೆಲವರು ಚಹಾ ಕುಡಿದು ಬರೋಣವೆಂದು ಎದ್ದರು.

ಮಾಸ್ತರರು ಕಾಡಿನ ಹಾಡು ಎತ್ತಿದರು. ಹುಡುಗರು ಒಮ್ಮೆಲೇ ಬೆನ್ನು ನೆಟ್ಟಗೆ ಮಾಡಿ ಕುಳಿತರು. “ಏ, ಸಿಪಾಯಿ! ಸಿಪಾಯಿ ಲೇ!” ಎದ್ದವರು ಏನಾಯಿತೆಂದು ತಿರುಗಿ ನಿಂತರು. ಗುಹೆ ಬಂತು. ಕ್ಲಾರ್ನೆಟ್ಟು ಮೇಲೇರಿತು. ನಾನು ಸೆರಗಿನ ತುದಿ ಹಿಡಿದುಕೊಂಡೆ. ಆ ಜಾಗ ಬಂದದ್ದೇ ಒಬ್ಬ ಬಿದ್ದ, ಅವನ ಹಿಂದೆ ಇಡೀ ಬ್ಯಾಂಡು ದಡದಡ ಬಿತ್ತು. ಡ್ರಮ್ಮಿನವನು ಗುದ್ದಿದ.

“ಸತ್ತಾ!” ಎಂದು ಹುಡುಗರೆಲ್ಲ ಒಂದೇ ಬಾಯಲ್ಲಿ ಚೀರಿದರು.

ಮಾಸ್ತರರ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿತು. ಅದನ್ನೇ ನಾನು ನೋಡಿದ್ದೇನೆ ಎಂದದ್ದು. ಬೇಕಂತಲೇ ಮಾಡಿಸಿದವನ ಮುಖ ಹಾಗಿರುವುದಿಲ್ಲ. ಟ್ರಂಪೆಟ್ಟು ಎದೆಗೆ ಇಳಿದಿತ್ತು. ಆದರೆ ಎದುರಿಗೆ ನೋಡಿದರೆ ಹುಡುಗರು ನಗುತ್ತಿರಲಿಲ್ಲ. ಮುಂದೆ ಬಾಗಿ ಕಾಯುತ್ತಿದ್ದರು. ಸತ್ತ ಮೇಲೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು, ಮತ್ತೆ ಶುರುವಾಗುತ್ತದೆ. ಮಾಸ್ತರರು ಅವರನ್ನು ನೋಡಿದರು, ಉಸಿರು ಎಳೆದುಕೊಂಡರು, ಗುಹೆಯ ಹಾಡನ್ನು ಮೊದಲಿನಿಂದ ಎತ್ತಿದರು.

ಈಗ ಇಡೀ ಮಂಟಪಕ್ಕೆ ಒಂದೇ ಚಿಂತೆ. “ಈ ಸಲ ದಾಟ್ತೈತೇನ?” ನನ್ನ ಪಕ್ಕದಲ್ಲಿದ್ದ ಮುದುಕಿಗೆ ಆಟವೂ ಗೊತ್ತಿಲ್ಲ, ಸಿಪಾಯಿಯೂ ಗೊತ್ತಿಲ್ಲ, ಅವಳೂ ನನ್ನ ತೋಳು ಹಿಡಿದಿದ್ದಳು. ಆ ಜಾಗ ಬಂತು. ಬ್ಯಾಂಡು ದಾಟಿತು. ಎದ್ದ ಚಪ್ಪಾಳೆಗೆ ಹಾಡು ಸ್ವಲ್ಪ ಹೊತ್ತು ಕೇಳಿಸಲೇ ಇಲ್ಲ. ಹೊಳೆಯ ಹಾಡಿಗೆ ಚಪ್ಪಾಳೆ ತಾನಾಗಿ ಇಳಿಯಿತು. ಕೋಟೆಯ ಹಾಡನ್ನು ಯಾವ ಹುಡುಗನೂ ಕೇಳಿರಲಿಲ್ಲ, ಆದ್ದರಿಂದ ಅವರೂ ಬಾಯಿ ಮುಚ್ಚಿಕೊಂಡರು. ಕೊಲ್ಹಾಪುರದವರ ಗಾಡಿ ಬಂದು ನಿಂತಿತ್ತು. ಅವರು ವಾಯರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಸ್ಟೇಜಿನ ಪಕ್ಕದಲ್ಲಿ ನಿಂತೇ ಇದ್ದರು, ಯಾರೂ ಅವರ ಕಡೆ ತಿರುಗಲಿಲ್ಲ.

ಮುಗಿದ ಮೇಲೆ ಮಾಸ್ತರರು ಮೈಕು ಹಿಡಿದು, “ಇದನ್ನ ನಮಗ ಕಲಿಸಿದಾಕಿ ಅಲ್ಲಿ ಕುಂತಾಳ, ಎದ್ದ ನಿಲ್ಲವಾ” ಎಂದರು. ನಾನು ಏಳಲಿಲ್ಲ. ಕುಳಿತು ಕೇಳಲಿಕ್ಕೆ ಹೋದವಳು, ಏಕೆ ಏಳಲಿ?

ಕೆಳಗಿಳಿದು ಬಂದು ಕೇಳಿದರು: “ತಂಗಿ, ಕುಂತಿದ್ರೇನ?”

“ಕುಂತಿದ್ರು.”

“ಎಲ್ಲಾರೂ?”

“ಅಧ್ಯಕ್ಷ ಒಬ್ಬ ನಿಂತಿದ್ದ. ಕುರ್ಚಿ ಸಿಗಲಿಲ್ಲ ಪಾಪ.”

ತುಟಿಯ ಮೇಲಿನ ಆ ಗುರುತು ಕೆಂಪಾಗಿ ಊದಿಕೊಂಡಿತ್ತು. ಅದನ್ನು ಮುಟ್ಟಿಕೊಂಡು ನಕ್ಕರು.

ಕೆಲವು ವರ್ಷಗಳ ಮೇಲೆ ಉಬ್ಬಸಕ್ಕೆ ತೀರಿಕೊಂಡರು. ಊದಿದವರ ಎದೆಯೇ ಮೊದಲು ಕೈಕೊಟ್ಟಿತು. ನಾನು ಅಳಲಿಲ್ಲ. ಅವರು ಬಯಸಿದ್ದನ್ನು ಪಡೆದೇ ಹೋದವರು. ನನಗೆ ಅವರು ಕೊಟ್ಟುಹೋದದ್ದು ಕಿವಿ. ಈಗಲೂ ಯಾವ ಹಾಡು ಬಂದರೂ ಮೇಲೆ ಯಾರು, ಕೆಳಗೆ ಯಾರು ಎಂದು ಬಿಡಿಸಿ ಕೇಳುತ್ತೇನೆ. ಈಚೆಗೆ ಮೊಮ್ಮಗಳು ಫೋನಿನಲ್ಲಿ ತೋರಿಸಿದಳು. ಯಾವುದೋ ದೊಡ್ಡ ದೇಶದಲ್ಲಿ ಕರಿ ಕೋಟಿನವರು ಪಿಟೀಲು, ಕಹಳೆ ಹಿಡಿದು ವಿಡಿಯೋ ಗೇಮಿನ ಹಾಡು ಬಾರಿಸುತ್ತಾರೆ, ಜನ ಟಿಕೆಟು ತೆಗೆಸಿ ಕುಳಿತು ಕೇಳುತ್ತಾರೆ. “ಅಜ್ಜಿ, ಎಷ್ಟ ಹೊಸಾದಲ್ಲ?” ಎಂದಳು. “ಹೊಸಾದ ಅವರಿಗೆ. ಚಿಕ್ಕೋಡ್ಯಾಗ ನಾವು ಕೇಳಿ ಎಷ್ಟೋ ವರ್ಷ ಆತು” ಎಂದೆ.

ಇನ್ನು ಆ ಕಾರ್ಯಕ್ರಮದ ಮರುದಿನದ ಮಾತು. ಬೆಳಿಗ್ಗೆ ಅಂಗಡಿ ತೆರೆಯದೆ ಮೊದಲ ಬಸ್ಸಿಗೆ ಅಲಖನೂರಕ್ಕೆ ಹೋದೆ. ಅಲ್ಲಿ ನನ್ನ ತಮ್ಮನಿದ್ದ, ದೀಪಾವಳಿ ಮುಗಿದ ಮೇಲೆ ಅವನ ಮಗಳ ಮದುವೆ. ಕ್ಯಾಸೆಟ್ಟು, ಸ್ಪೀಕರಿನ ಗಾಡಿ ಹೇಳಿಟ್ಟಿದ್ದ. ಅದನ್ನು ಬಿಡು, ನಮ್ಮ ಮಾಸ್ತರರ ಬ್ಯಾಂಡು ಹೇಳು, ಅಕ್ಷತೆ ಬಿದ್ದ ಮೇಲೆ ಊಟಕ್ಕೆ ಮೊದಲು ಮಂಟಪದಲ್ಲೇ ಊದಿಸು, ಕುರ್ಚಿ ಹೆಚ್ಚಿಗೆ ತರಿಸು ಎಂದೆ.

“ಬ್ಯಾಂಡಿನವರಿಗೆ ಯಾರರೆ ಕುರ್ಚಿ ಹಾಕ್ತಾರೇನ ಅಕ್ಕಾ?” ಎಂದ.

“ಅವರಿಗಲ್ಲೋ ಹುಚ್ಚಪ್ಪಾ,” ಎಂದೆ. “ನಮಗ.”