ಮೊದಲ ಸೂಜಿ ಆಯಿಗೆ

ಮಕ್ಕಳ ಹಲ್ಲಿನ ಡಾಕ್ಟರು ಈಗ ಸೂಜಿ ಚುಚ್ಚುವ ಮೊದಲು ಒಸಡಿಗೆ ಒಂದು ಜೆಲ್ ಹಚ್ಚುತ್ತಾರೆ. ಅದಕ್ಕೆ ಮಾವಿನಹಣ್ಣಿನ ವಾಸನೆ, ನಂಬುತ್ತೀರಾ? ಕಳೆದ ವಾರ ಮೊಮ್ಮಗಳಿಗೆ ಅದನ್ನು ಹಚ್ಚಿ, ಒಸಡು ಜೋಮು ಹಿಡಿಯುವವರೆಗೆ ಹೊರಗೆ ಕೂರಿಸಿದರು. ಬೆಂಚಿನ ಮೇಲೆ ಕಾಲಾಡಿಸುತ್ತ ಅವಳು ಕೇಳಿದಳು, “ಅಜ್ಜಿ, ಸೂಜಿ ಚುಚ್ಚಿದ್ರ ನೋಯ್ತದೇನು?”

“ಏನೂ ನೋಯಂಗಿಲ್ಲ ನನ್ನವ್ವ” ಅಂದುಬಿಟ್ಟೆ. ಅಂದ ಮರುಗಳಿಗೆಯೇ ಗುಂಡಗುರ್ತಿಯ ನಮ್ಮ ಆಯಿ ನೆನಪಾಗಿ ನಾಚಿಕೆಯಾಯಿತು.

ಆಯಿ ಅಂದರೆ ಅಪ್ಪನ ಅವ್ವ. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದವಳು, ಮೂಗಿನ ತುದಿಯಲ್ಲಿ ಸಿಟ್ಟಿದ್ದವಳು. “ಸುಳ್ಳು ಹೇಳಿದ ಬಾಯಿಗೆ ಹುಳ ಬೀಳ್ತಾವ” ಎಂದು ದಿನಕ್ಕೊಮ್ಮೆಯಾದರೂ ನಮ್ಮನ್ನು ಹೆದರಿಸುತ್ತಿದ್ದಳು. ಈ ಕಾನೂನು ಚಿಕ್ಕವರಿಗೆ ಮಾತ್ರ ಎಂದು ನನಗೆ ತಿಳಿದದ್ದು ಸಿಡುಬು ಬಾರದಂತೆ ದೇವಿ ಹಾಕುವವರು ಊರಿಗೆ ಬಂದ ದಿನ. “ಬಳಿಗಾರ ಬಂದಾನ, ಬಾ” ಎಂದು ಕರೆದಳು. ನಾನು ತೋಳೇರಿಸಿಕೊಂಡು ಓಡಿಹೋಗಿ, ಹಸಿರು ಬಳೆಯೇ ಬೇಕೆಂದು ಕೈ ಚಾಚಿದೆ. ಚಾಚಿದ ಕೈಯನ್ನು ಆಯಿ ಗಟ್ಟಿಯಾಗಿ ಹಿಡಿದಳು. ಹಲ್ಲುಹಲ್ಲಿನ ಚಕ್ರದಂಥದೊಂದನ್ನು ತೋಳಿಗೊತ್ತಿ ಗರಗರ ತಿರುಗಿಸಿದರು. ಆಮೇಲೆ ಒಂದು ವರ್ಷ ನಿಜವಾದ ಬಳೆಗಾರ ಬಂದರೂ ನಾನು ಕಾಳಿನ ಕಣಜದ ಹಿಂದೆ ಅಡಗುತ್ತಿದ್ದೆ.

ಹುಳ ಬಿದ್ದದ್ದು ಮಾತ್ರ ನನ್ನ ಬಾಯಿಗೆ. ಗಡಿಗೆಯೊಳಗಿನ ಬೆಲ್ಲ ಕದ್ದು ತಿಂದ ಫಲ. ಎಂಟು ವರ್ಷಕ್ಕೇ ದವಡೆ ಹಲ್ಲು ಕೆಟ್ಟು, ಗಲ್ಲ ಬಾತು, ಕಣ್ಣು ಸಣ್ಣದಾಯಿತು. ಲವಂಗ ಇಟ್ಟರು, ಉಪ್ಪುನೀರು ಮುಕ್ಕಳಿಸಲು ಕೊಟ್ಟರು. ಕೊನೆಗೆ ಆಯಿಯೇ ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಶಹಾಬಾದಿಗೆ ಹೊರಟಳು. ನಮ್ಮ ರಾಜ್ಯಕ್ಕಿನ್ನೂ ಮೈಸೂರೆಂದೇ ಹೆಸರಿದ್ದ ಕಾಲ. ಹಲ್ಲಿನ ಡಾಕ್ಟರೆಂದರೆ ನಮ್ಮ ಸುತ್ತಿಗೆಲ್ಲ ಅವರೊಬ್ಬರೇ, ಹೈದರಾಬಾದಿನಲ್ಲಿ ಕಲಿತು ಬಂದವರು. ತೆಳ್ಳಗಿನ ಮನುಷ್ಯ, ಮೆತ್ತಗಿನ ಮಾತು.

“ಇವತ್ತೇ ತೆಗೀಬೇಕು ಅಮ್ಮಾ. ಬಿಟ್ರ ಕೀವು ದವಡಿಗಿ ಇಳೀತದ” ಎಂದರು. ಸ್ಟೋವಿನ ಮೇಲೆ ಸೂಜಿ ಕುದಿಯುತ್ತಿತ್ತು. ಅದನ್ನು ನೋಡಿದ ನಾನು ಬಾಯಿಗೆ ಬೀಗ ಹಾಕಿದೆ.

“ನೋಯಂಗಿಲ್ಲ, ನನ್ನ ಮಾತು ಕೇಳು” ಎಂದಳು ಆಯಿ.

ಹಲ್ಲು ಕಚ್ಚಿಕೊಂಡೇ ಅಂದೆ, “ಬಳಿಗಾರ ಬಂದಾನ ಅಂದಿದ್ದಿ.”

ಆಯಿ ನನ್ನ ತೋಳಿನ ಮೇಲಿನ ದೇವಿ ಹಾಕಿದ ಕಲೆಯನ್ನು ಬೆರಳಿಂದ ಸವರಿದಳು.

“ಕೈಕಾಲು ಹಿಡೀಲಿಕ್ಕ ಇಬ್ಬರನ್ನ ಕರೀಲೇನು?” ಎಂದರು ಡಾಕ್ಟರು.

“ಬ್ಯಾಡ್ರಿ. ಒಮ್ಮಿ ಹಿಡಿದದ್ದೇ ಸಾಕಾಗ್ಯಾದ. ಖರೇ ಹೇಳ್ರಿ ಡಾಕ್ಟರ್ ಸಾಹೇಬ್ರ, ನೋಯ್ತದೋ ಇಲ್ಲೋ?”

“ಜರಾ ನೋಯ್ತದ.”

“ಜರಾ ಅಂದ್ರ ಎಷ್ಟು?”

“ಹಲ್ಲಿಗಿ ನಾ ಎಂದೂ ಸೂಜಿ ಹಾಕಿಸ್ಕೊಂಡಿಲ್ಲ ಅಮ್ಮಾ” ಎಂದರು ಡಾಕ್ಟರು. ಪಾಪ, ಊರಿಗೆಲ್ಲ ಸೂಜಿ ಹಾಕಿದ ಮನುಷ್ಯ!

“ಹಂಗಾದ್ರ ಮೊದಲ ನನಗ ಹಾಕ್ರಿ. ನನ್ನದೂ ಒಂದು ಹಲ್ಲು ಅಳ್ಳಾಡ್ಲಿಕತ್ತದ, ಅದನ್ನೂ ತಗದುಬಿಡ್ರಿ. ಎಷ್ಟು ನೋಯ್ತದ ನೋಡಿ ಪೋರಿಗಿ ನಾನೇ ಹೇಳ್ತೀನಿ.”

ಡಾಕ್ಟರು ಬೇಡವೆನ್ನುವಷ್ಟರಲ್ಲಿ ಸೆರಗು ಸರಿಮಾಡಿಕೊಂಡು, ಕೊರಳಲ್ಲಿನ ಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕುರ್ಚಿ ಏರಿ ಕೂತಿದ್ದಳು. ಅವಳಿಗಿದ್ದದ್ದೇ ಏಳೆಂಟು ಹಲ್ಲು. ಅಳ್ಳಾಡುವ ಆ ಹಲ್ಲನ್ನು ಎರಡು ವರ್ಷದಿಂದ ಯಾರಿಗೂ ಮುಟ್ಟಗೊಡದೆ ಜೋಪಾನ ಮಾಡಿದ್ದಳು. ಸೂಜಿ ಒಳಗೆ ಹೋದಾಗ ಅವಳ ಮುಖ ಅಲುಗಲಿಲ್ಲ. ಕಾಲ್ಬೆರಳುಗಳು ಮಾತ್ರ ಮುದುಡಿಕೊಂಡವು. ನಾನು ಕಾಲನ್ನೇ ನೋಡುತ್ತಿದ್ದೆ.

ಹಲ್ಲು ಹೊರಬಂದ ಮೇಲೆ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಡಾಕ್ಟರಿಗೆ ಪಾಠ ಹೇಳಿದಳು. “ಚುಚ್ಚೋದು ಏನಿಲ್ರಿ. ಔಷಧ ಒಳಗ ಹೋಗಾಗ ಉರೀತದ. ಭಾಳ ತಣ್ಣಗದ, ಮ್ಯಾಲ ನೀವು ಗಡಬಡ ಮಾಡ್ತೀರಿ. ಕೂಸಿಗಿ ಸಾವಕಾಶ ಹಾಕ್ರಿ.”

ಬೇರೆ ಯಾರಾದರೂ ಆಗಿದ್ದರೆ ಗದರುತ್ತಿದ್ದರೇನೋ. ಅವರು ಸೂಜಿಯನ್ನು ಮತ್ತೆ ಕುದಿಯಲಿಟ್ಟು, ಔಷಧದ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತ ನಿಂತರು. ಆಯಿ ನನ್ನ ಮುಂದೆ ಫರಸಿಕಲ್ಲಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ತುಟಿಯ ಒಂದು ಬದಿ ಜೋಮು ಹಿಡಿದು ಮಾತು ತೊದಲುತ್ತಿತ್ತು.

“ನೋಯ್ತದ. ಹತ್ತು ಎಣಿಸೋ ತನಕ ನೋಯ್ತದ, ಆಮ್ಯಾಲ ಇಲ್ಲ. ಅವತ್ತು ಬಳಿಗಾರ ಅಂತ ನಿನಗ ಸುಳ್ಳ ಹೇಳಿದ್ದೆ. ತಪ್ಪಾತು ನಂದು.”

ನಮ್ಮ ಮನೆಯಲ್ಲಿ ಹಿರಿಯರು ಚಿಕ್ಕವರಿಗೆ ತಪ್ಪಾಯಿತೆಂದದ್ದಿಲ್ಲ. ಸೊಸೆಯರು ಕೇಳಿದ್ದರೆ ಈ ಸೋಜಿಗ ನೋಡಲು ಶಹಾಬಾದಿಗೇ ಓಡಿ ಬರುತ್ತಿದ್ದರು. ನಾನು ಬಾಯಿ ತೆರೆದೆ. ಡಾಕ್ಟರು ಗಲ್ಲವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸುತ್ತ, ಹನಿಹನಿಯಾಗಿ ಔಷಧ ಬಿಟ್ಟರು. “ಈಗ ಚುಚ್ಚತಾರ... ಈಗ ಉರೀತದ... ಆತು, ಈಗ ಕಡಿಮಿ ಆಗ್ತದ” ಎಂದು ಆಯಿ ಪ್ರತಿಯೊಂದನ್ನೂ ಮುಂಚೆಯೇ ಹೇಳುತ್ತಿದ್ದಳು. ಅವಳು ಹೇಳಿದ್ದೇ ಆಗುತ್ತಿತ್ತು. ಹಲ್ಲು ಹೊರಬಂದದ್ದೂ ನನಗೆ ತಿಳಿಯಲಿಲ್ಲ. ಊರಿಗೆ ಮರಳುವಾಗ ಬಸ್ ಸ್ಟ್ಯಾಂಡಿನಲ್ಲಿ ಆಯಿ ಕುಡಿದ ಚಹಾ ಅವಳ ಗದ್ದದಿಂದ ಸೆರಗಿಗಿಳಿಯಿತು. ನಾನು ನಕ್ಕೆ. ಅವಳೂ ಅರ್ಧ ಬಾಯಲ್ಲಿ ನಕ್ಕಳು. ಆ ಮುಖವನ್ನು ನಾನು ಪ್ರೀತಿಸಿದಷ್ಟು ಇನ್ಯಾವ ಮುಖವನ್ನೂ ಪ್ರೀತಿಸಿಲ್ಲ.

ಬೆಂಚಿನ ಮೇಲಿದ್ದ ಮೊಮ್ಮಗಳ ಕಡೆ ತಿರುಗಿದೆ. ಆಯಿಯ ಧೈರ್ಯ ನನಗಿಲ್ಲ, ಮೊದಲು ನನಗೆ ಹಾಕಿ ಎನ್ನಲು ನಾಲಿಗೆ ಏಳಲಿಲ್ಲ. ಆದರೆ ಖರೇ ಮಾತನ್ನಾದರೂ ಹೇಳಬೇಕಲ್ಲ.

“ಈಗ ನಾ ಹೇಳಿದ್ದು ಸುಳ್ಳು, ಅವ್ವ. ಜರಾ ನೋಯ್ತದ.”

“ಎಷ್ಟು?”

ನೆನಪು ಮಾಡಿಕೊಂಡೆ. ಆಯಿಯ ಕಾಲ್ಬೆರಳು ನೆನಪಿದೆ, ತೊದಲು ಮಾತು ನೆನಪಿದೆ. ನನಗೆಷ್ಟು ನೋಯಿತು ಎಂಬುದು ಮಾತ್ರ, ಎಷ್ಟು ತಡಕಿದರೂ ಸಿಗಲಿಲ್ಲ.

“ನನಗೂ ಸಣ್ಣಾಕಿದ್ದಾಗ ಹಾಕ್ಯಾರ. ಎಷ್ಟು ನೋಯ್ತು ಅನ್ನೋದು ಮರತೇ ಹೋಗ್ಯಾದ.”

ಅವಳು ತುಸು ಯೋಚಿಸಿ, “ಅಂದ್ರ ಮರತು ಹೋಗುವಷ್ಟೇ ನೋಯ್ತದ” ಎಂದು ತಾನೇ ಅಳತೆ ಹಾಕಿಕೊಂಡಳು.

ಒಳಗೆ ಸೂಜಿ ಚುಚ್ಚಿದಾಗ ಅತ್ತಳು, ಜೋರಾಗಿಯೇ ಅತ್ತಳು. ಆದರೆ ಅಳುವಾಗ ಅವಳು ತಡಕಿ ಹಿಡಿದುಕೊಂಡದ್ದು ನನ್ನ ಕೈಯನ್ನೇ.