ಸಾಹೇಬರು ತಿರುಗಿ ಕಳಿಸಿದ ಉಂಡಿ

ನನ್ನ ಮೊಮ್ಮಗನದು ಏನೂ ತಪ್ಪಿಲ್ಲ! ಹಡಗು ಬಂಡೆಗೆ ಬಡಿದದ್ದು ಅವನಿಂದಲ್ಲ ಎಂದು ಮುಂಬಯಿಯಲ್ಲಿ ತೀರ್ಪಾಯಿತು. ಅದನ್ನು ಹೇಳಲು ಅವನೇ ರೋಣದ ಬಸ್ಸಿಳಿದು ಬಂದ ದಿನ ನಾನು ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿದೆ. ದನದ ಡಾಕ್ಟರರಿಗೆ ಎರಡು ಸಲ ಹೇಳಿದೆನಂತೆ! ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೂ ಇದನ್ನು ಬರೆದಿಡಲೇಬೇಕು.

ಕರ್ನಾಟಕ ಒಂದಾದ ಮರುವರ್ಷದ ಮಾತು. ನಮ್ಮ ಎರೆಹೊಲಗಳ ನಡುವಿನಿಂದ ಹೋದ ಮೊಮ್ಮಗ ಸರಕಿನ ಹಡಗಿನಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದ. ಹಡಗು ಬಂಡೆಗೆ ಬಡಿಯಿತು; ಪುಣ್ಯಕ್ಕೆ ಎಲ್ಲರ ಜೀವ ಉಳಿಯಿತು. ಮಾಲೀಕರು ತಮ್ಮವರನ್ನೇ ಕೂರಿಸಿ ವಿಚಾರಣೆ ಮಾಡಿಸಿ, ತಪ್ಪೆಲ್ಲ ಇವನ ತಲೆಗೆ ಕಟ್ಟಿದರು. ಅದೇ ಖರೆ ಎಂದಾಗಿದ್ದರೆ ಇನ್ನು ಯಾವ ಹಡಗೂ ಅವನನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಅಷ್ಟರಲ್ಲಿ ಸರಕಾರವು ಮಾಲೀಕರಿಗೆ ಸಂಬಂಧವಿಲ್ಲದ ನ್ಯಾಯಾಧೀಶರೊಬ್ಬರನ್ನೂ ಇಬ್ಬರು ಹಳೆಯ ನಾವಿಕರನ್ನೂ ಬೇರೆ ವಿಚಾರಣೆಗೆ ನೇಮಿಸಿತು.

ನಾನೇನು ಮಾಡಿದೆ? ಒಂದು ಡಬ್ಬಿ ಶೇಂಗಾ ಉಂಡಿ ಮಾಡಿಸಿ, ನರಗುಂದಕ್ಕೆ ಹೋದಾಗ ಅಲ್ಲಿಯ ಅಂಚೆಯಿಂದ ಆ ನ್ಯಾಯಾಧೀಶ ಸಾಹೇಬರಿಗೆ ಕಳಿಸಿಬಿಟ್ಟೆ. ಹದಿನೈದು ದಿನಕ್ಕೆ ಡಬ್ಬಿ ಹಾಗೇ ತಿರುಗಿ ಬಂತು. ಜೊತೆಗಿದ್ದ ಇಂಗ್ಲಿಷ್ ಚೀಟಿಯನ್ನು ಸಾಲಿ ಮಾಸ್ತರರು ಓದಿ ಹೇಳಿದರು: ವಿಚಾರಣೆ ಮುಗಿಯುವವರೆಗೆ ಯಾರಿಂದಲೂ ಏನೂ ತೆಗೆದುಕೊಳ್ಳುವಂತಿಲ್ಲ, ಮಾಲೀಕರ ಹಣ್ಣಿನ ಬುಟ್ಟಿಯನ್ನೂ ಹೀಗೇ ಮರಳಿಸಿದ್ದೇವೆ.

ಮೊಮ್ಮಗನ ಕೆಲಸ ನಾನೇ ಕೆಡಿಸಿದೆನೇ? ನನ್ನ ಹೆಂಡತಿ ಮಾತ್ರ ನಕ್ಕಳು.

"ಅಲ್ರೀ, ಶಿರೋಳದಾಗ ಅಣ್ಣತಮ್ಮರ ಬದುವಿನ ಜಗಳಕ್ಕ ಪಂಚರಾಗಿ ಹೋದಾಗ ನೀವೇನ ಮಾಡಿದ್ರಿ?"

"ಏನ ಮಾಡಿದ್ನಿ?"

"ಇಬ್ಬರ ಮನ್ಯಾಗೂ ನೀರ ಸೈತ ಮುಟ್ಟಲಿಲ್ಲ. ಬುತ್ತಿ ಕಟಗೊಂಡ ಹೋಗಿದ್ರಿ. ಎಲಿ ಅಡಿಕಿ ಕೊಡಾಕ ಬಂದವಗ ಬೈದ ಬಂದ್ರಿ. ಈಗ ಜಡ್ಜ ಸಾಹೇಬ್ರಿಗೆ ಉಂಡಿ ತಿನ್ಸಾಕ ಹೊಂಟೀರಿ. ಭಾಳ ಶಾಣ್ಯಾರು!"

ಹೌದಲ್ಲ! ನಮ್ಮಲ್ಲಿ ಬದುವಿನ ಜಗಳಕ್ಕೆ ಬೇರೆ ಊರಿನವರನ್ನೇ ಪಂಚರಾಗಿ ಕರೆಯುತ್ತಾರೆ. ತೀರ್ಮಾನ ಹೇಳುವ ತನಕ ಅವರು ಯಾರ ಮನೆಯ ನೀರನ್ನೂ ಕುಡಿಯುವುದಿಲ್ಲ. ಈ ಸಾಹೇಬರೂ ಅಂಥವರೇ. ಅಂದು ರಾತ್ರಿ ಕಣ್ಣಿಗೆ ನಿದ್ದೆ ಹತ್ತಿತು.

ತೀರ್ಪಾಗಿ ಊರಿಗೆ ಬಂದ ದಿನ ಮೊಮ್ಮಗ ಹೇಳಿದ್ದು ಇಷ್ಟು: ಆ ಸಾಹೇಬರು ಹಡಗಿನೊಳಗೆ ತಾವೇ ಇಳಿದು ನೋಡಿದರಂತೆ. ಚುಕ್ಕಾಣಿಯ ಸರಪಳಿ ಹರಿದಿತ್ತು. ಅದನ್ನು ಬದಲಿಸಿರೆಂದು ಕಪ್ತಾನರು ಮಾಲೀಕರಿಗೆ ಮೊದಲೇ ಬರೆದ ಕಾಗದವೂ ಸಿಕ್ಕಿತು.

ಸಂಜೆಗೆ ಗಜೇಂದ್ರಗಡದಿಂದ ಮಗಳು, ಅಳಿಯ, ಮಕ್ಕಳೆಲ್ಲ ಬಂದರು. ಪಡಸಾಲೆಯಲ್ಲಿ ಸಾಲಾಗಿ ಕೂತೆವು.

"ಮತ್ತ ಹಡಗ ಹತ್ತತೀಯೇನಪಾ?" ಎಂದೆ.

"ಸೋಮವಾರ ಹೊಂಟೀನಿ, ಅಜ್ಜಾ. ಬ್ಯಾರೆ ಹಡಗು."

"ಹಂಗಾರ ಈಗ ಲಗೂನ ಉಣ್ಣು," ಎಂದು ಅವನಜ್ಜಿ ಅವನ ತಾಟಿಗೆ ಬಿಸಿರೊಟ್ಟಿ ಹಾಕಿ, ಬೆಣ್ಣೆ ಇಟ್ಟಳು. ಆಮೇಲೆ ನಮಗೆಲ್ಲ ಬಡಿಸಿ, ತಾನೂ ನಮ್ಮ ಸಾಲಿನಲ್ಲೇ ತಾಟು ಹಾಕಿಕೊಂಡು ಕೂತಳು.