ನೊರೆಯಿಲ್ಲದ ಕಾಫಿ

ಆ ಎರಡು ಕುರ್ಚಿಗಳಲ್ಲಿ ಒಂದು ನನ್ನದು ಎಂದೇ ನಾನು ತಿಳಿದಿದ್ದೆ. ಜಪಾನಿನ ಕಾಶಿವಾ ಎಂಬ ಊರಿನ ಕ್ಯಾಂಪಸ್ಸಿನಲ್ಲಿ ಹೊರದೇಶದ ಸಂಶೋಧಕರು ಇರುತ್ತಿದ್ದ ವಸತಿಗೃಹ ಅದು. ಕೊರೋನಾ ಬಂದ ಮೇಲೆ ಮೇಲ್ವಿಚಾರಕರು ನಮ್ಮ ಮಹಡಿಯ ಅಡುಗೆಮನೆಯಿಂದ ಕುರ್ಚಿಗಳನ್ನೆಲ್ಲ ಸಾಗಿಸಿ, ಮೇಜಿನ ಆ ತುದಿಗೊಂದು ಈ ತುದಿಗೊಂದು ಉಳಿಸಿದರು. ನಡುವೆ ಪ್ಲಾಸ್ಟಿಕ್ ಪರದೆ. ಮೂರನೆಯವರು ಬಂದರೆ ಕಿಟಕಿ ಪಕ್ಕದ ಸ್ಟೂಲೇ ಗತಿ. ಲ್ಯಾಬಿಗೆ ಸರದಿಯ ಮೇಲೆ ಹೋಗುತ್ತಿದ್ದ ಕಾಲ. ಮಿಕ್ಕಂತೆ ಕೋಣೆ, ಮೂಲೆಯ ಕೊಂಬಿನಿ ಅಂಗಡಿ, ಮತ್ತೆ ಕೋಣೆ. ಮಾಸ್ಕ್ ಇಳಿಸಿ ಇನ್ನೊಂದು ಮುಖವನ್ನು ನೋಡುತ್ತ ಮಾತಾಡಲು ನನಗಿದ್ದದ್ದು ಸಂಜೆಯ ಆ ಮೇಜು ಒಂದೇ.

ಎದುರಿನ ಕುರ್ಚಿ ನನ್ನ ಗೆಳತಿಯದು. ಅವಳು ಸೈಪ್ರಸ್ ದ್ವೀಪದವಳು, ಗ್ರೀಕ್ ಮಾತಾಡುವವಳು. ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ನುಣ್ಣನೆಯ ಕಾಫಿಪುಡಿ, ಸಕ್ಕರೆ, ನೀರು ಹಾಕಿ, ಉಕ್ಕಲು ಬಿಡದೆ ಕಾಯಿಸಿ, ಮೇಲೆ ಬಂದ ನೊರೆಯನ್ನು ಚಮಚದಿಂದ ಎತ್ತಿ ಮೊದಲು ನನ್ನ ಕಪ್ಪಿಗೆ ಹಾಕುತ್ತಿದ್ದಳು. ಅವರಲ್ಲಿ ಒಳ್ಳೆಯ ನೊರೆ ಅತಿಥಿಗಂತೆ. ನನಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ಮನೆಯಲ್ಲೂ ಮೊದಲ ಡಿಕಾಕ್ಷನ್ ಬಂದವರಿಗೆ, ಮತ್ತೆ ಬಿಸಿನೀರು ಹಾಕಿ ಇಳಿಸಿದ್ದು ಮನೆಯವರಿಗೆ. ನಾನು ಆ ನೊರೆಯನ್ನು ಹೆಮ್ಮೆಯಿಂದಲೇ ಕುಡಿಯುತ್ತಿದ್ದೆ.

ಆಗ ಅವನು ಬಂದ. ಜಪಾನಿನ ಇನ್ನೊಂದು ಊರಿನ ಸಂಸ್ಥೆಯಿಂದ ನಮ್ಮಲ್ಲಿಗೆ ವರ್ಗವಾಗಿ ಬಂದವನು, ಊರಲ್ಲಿ ಹೆಂಡತಿ ಮಗಳು ಇದ್ದವನು. ಅವನೂ ಸೈಪ್ರಸ್ಸಿನವನೇ, ಆದರೆ ಟರ್ಕಿಶ್ ಮಾತಾಡುವವನು. ಅವರ ದ್ವೀಪವನ್ನು ಅಡ್ಡಡ್ಡ ಸೀಳಿದ ಒಂದು ಗಡಿ ಇದೆ, ಅದರ ದಕ್ಷಿಣಕ್ಕೆ ಗ್ರೀಕರು, ಉತ್ತರಕ್ಕೆ ತುರ್ಕರು, ಇವರಿಬ್ಬರದೂ ಒಂದೇ ಊರಾದರೂ ಆ ಊರಿನ ನಡುವೆಯೇ ಸೈನಿಕರು ಕಾಯುವ ಬೇಲಿ, ಇಷ್ಟು ನನಗೆ ಗೊತ್ತಿತ್ತು. ಸರಿ, ಇನ್ನು ಅಡುಗೆಮನೆಯಲ್ಲಿ ಯುದ್ಧ, ಗೆಳತಿ ನನಗೇ ಇನ್ನಷ್ಟು ಅಂಟಿಕೊಳ್ಳುತ್ತಾಳೆ ಎಂದು ಒಳಗೊಳಗೇ ಖುಷಿಪಟ್ಟೆ.

ಮೊದಲ ಸಂಜೆ ಅವನು ಸ್ಟೂಲಿನ ಮೇಲೆ ಬಿಗಿಯಾಗಿ ಕೂತಿದ್ದ. ನಮ್ಮ ಮೂವರ ಮಾತು ಇಂಗ್ಲಿಷಿನಲ್ಲಿ. ಒಣಹುಲ್ಲಿಗೆ ಕಡ್ಡಿ ಗೀರುವಂತೆ ನಾನೇ ಕೇಳಿದೆ, "ಅಲ್ಲಾ, ಇದು ಗ್ರೀಕ್ ಕಾಫಿನೋ ಟರ್ಕಿಶ್ ಕಾಫಿನೋ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸೈಪ್ರಸ್ ಕಾಫಿ," ಎಂದು ಒಟ್ಟಿಗೇ ಹೇಳಿ ನಕ್ಕರು. ಕಡ್ಡಿ ನನ್ನ ಕೈಯಲ್ಲೇ ಆರಿತು.

ಆದರೂ ಅವಳು ನೊರೆ ಹಾಕಿದ್ದು ನನ್ನ ಕಪ್ಪಿಗೇ. ಅವನಿಗೆ ಬರೀ ಕರಿ ಕಾಫಿ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದಿನಾ ಹಾಗೆಯೇ ನಡೆಯಿತು. ಒಂದು ಸಂಜೆ ಮಾತಿನ ಭರದಲ್ಲಿ ಕಾಫಿ ಉಕ್ಕಿಹೋಗಿ, ಪಾತ್ರೆಯಲ್ಲಿ ಚಮಚ ಮುಳುಗುವಷ್ಟೂ ನೊರೆ ಉಳಿಯಲಿಲ್ಲ. ಅದನ್ನೂ ಅವಳು ಕೆರೆದು ನನಗೇ ಹಾಕಿದಳು. ಅವನು ನಗುತ್ತ, "ನಮಗೇನು ಬಿಡು, ಮನೆಯೋರು," ಎಂದ. ಆ ಮಾತು ಕಿವಿಗೆ ಬಿದ್ದಾಗ ನಾಲಿಗೆಯ ಮೇಲಿನ ನೊರೆ ಕಹಿಯಾಯಿತು. ನಾನು ಇಷ್ಟು ದಿನ ಕುಡಿಯುತ್ತಿದ್ದದ್ದು ಹೊರಗಿನವರ ಕಾಫಿ. ಅವನು ಬಂದ ದಿನವೇ ಮನೆಯವನಾಗಿಬಿಟ್ಟಿದ್ದ.

ಅಲ್ಲಿಂದ ನನಗೆ ನಿಜವಾದ ಹೊಟ್ಟೆಕಿಚ್ಚು ಶುರುವಾಯಿತು. ಅವರದು ಪ್ರೇಮವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಕೀಟಲೆ ಮಾಡಿಕೊಂಡಾದರೂ ಇರುತ್ತಿದ್ದೆ. ಅದಲ್ಲ, ಅವರ ನಡುವೆ ಇದ್ದದ್ದು ಒಂದು ದ್ವೀಪ. ಅವಳ ಶಾಲೆಯಲ್ಲಿ ತಾಯ್ನಾಡು ಗ್ರೀಸ್ ಎಂದು ಕಲಿಸಿದ್ದರಂತೆ, ಅವನ ಶಾಲೆಯಲ್ಲಿ ಟರ್ಕಿ ಎಂದು. ಆದರೆ ಅಥೆನ್ಸಿಗೆ ಹೋದರೆ ಇವಳ ಗ್ರೀಕನ್ನು ಆಡಿಕೊಳ್ಳುತ್ತಾರೆ, ಇಸ್ತಾನ್‌ಬುಲ್‌ನಲ್ಲಿ ಅವನ ಟರ್ಕಿಶ್ ಕೇಳಿ ನಗುತ್ತಾರೆ. ದ್ವೀಪ ಸೀಳಿದಾಗ ಅವಳ ಅಜ್ಜಿ ಬಿಟ್ಟು ಓಡಿಬಂದ ಹಳ್ಳಿ ಈಗ ಅವನ ಹೆಂಡತಿಯ ತವರೂರು. ಅವನ ತಂದೆ ಬಿಟ್ಟುಬಂದ ಮನೆ ಇವಳ ಕಡೆಯಲ್ಲಿದೆ. ಅಜ್ಜಿಯ ಹಳ್ಳಿಯ ಬಾವಿಯ ಪಕ್ಕದ ನಿಂಬೆಗಿಡ ಇನ್ನೂ ಇದೆಯಾ ಎಂದು ಅವಳು ಕೇಳಿದಳು. ಇದೆ, ನಾವು ಅದರ ಹಣ್ಣಿನಿಂದಲೇ ಶರಬತ್ತು ಮಾಡೋದು, ಎಂದು ಅವನು ತಲೆ ತಗ್ಗಿಸಿ ಹೇಳಿದ. ಇನ್ನು ಜಗಳ ಗ್ಯಾರಂಟಿ ಎಂದು ನಾನು ಕಾದೆ. ಅವಳು ಸಿಹಿ ಎಷ್ಟಿರುತ್ತೆ ಎಂದು ಕೇಳಿದಳು!

ಅವಳ ಸೋದರಮಾವ ಫೋನಿನಲ್ಲಿ ಕೂಗಾಡುತ್ತಿದ್ದ, ತುರ್ಕನ ಜೊತೆ ನಿನಗೇನು ಊಟ ಎಂದು. ಅವನ ಅಣ್ಣನದೂ ಅದೇ ರಾಗ. ಬೈಸಿಕೊಂಡು ಬಂದು ಇಬ್ಬರೂ ಒಬ್ಬರಿಗೊಬ್ಬರು ಅನುವಾದಿಸಿ ನಗುತ್ತಿದ್ದರು. ನನಗೆ ಆ ಬೈಗುಳದ ಮೇಲೂ ಅಸೂಯೆ. ನನ್ನ ಸ್ನೇಹಕ್ಕೆಂದು ಯಾರೂ ಯಾವತ್ತೂ ಕೂಗಾಡಿರಲಿಲ್ಲ.

ಒಂದು ದಿನ, ಅವರು ಮಾತಾಡುವಾಗ ನನ್ನ ತಲೆಯ ಮೇಲಿಂದ ಕಿಟಕಿಯ ಕಡೆಗೆ ಕೂಗುವ ಕಷ್ಟ ನೋಡಲಾರದೆ, "ನೀನಿಲ್ಲಿ ಕೂತ್ಕೋ, ನಾನು ಸ್ಟೂಲ್ ಮೇಲೆ ಕೂರ್ತೀನಿ," ಎಂದೆ. ಬೇಡ ಬೇಡ ಎನ್ನುತ್ತಾರೆಂದು ನನ್ನ ಲೆಕ್ಕ. ಅವನು ಜಪಾನಿಯರಂತೆ ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿ ಕೂತೇಬಿಟ್ಟ.

ಜಪಾನಿನಲ್ಲೇ ಗ್ಯೋಟೋಕು ಎಂಬಲ್ಲಿದ್ದ ಅಕ್ಕನಿಗೆ ಫೋನ್ ಮಾಡಿ ದೂರಿದೆ. "ಅಯ್ಯೋ, ನೀನೇನು ಸಣ್ಣ ಮಗುವೇನೇ?" ಎಂದಳು ಅಕ್ಕ. "ನಿಮ್ಮ ಬಿಲ್ಡಿಂಗ್‌ನಲ್ಲೇ ಆ ಮದ್ರಾಸ್ ಹುಡುಗ ಇದಾನಲ್ಲ, ಅವನ ಹತ್ರ ಮಾತಾಡು. ಅವನೂ ಸಾರು-ಅನ್ನನೇ ತಿನ್ನೋದು."

"ಅವನ ಜೊತೆ ಏನ್ ಮಾತು? ಲಿಫ್ಟಲ್ಲಿ ಸಿಕ್ಕಿದ್ರೆ ಹಾಯ್ ಅಂತೀನಪ್ಪ."

"ಯಾಕೆ, ಕಾವೇರಿ ಅಡ್ಡ ಬಂತಾ?"

ನಾನು ಫೋನ್ ಇಟ್ಟೆ. ಅಕ್ಕ ಬಾಯಿ ಬಿಟ್ಟರೆ ಹೀಗೇ. ಆದರೆ ನಾವಿಬ್ಬರೂ ಒಂದೇ ನೀರು ಕುಡಿದವರು ಎಂದು ನಾನಾಗಲಿ ಅವನಾಗಲಿ ಲಿಫ್ಟಿನಲ್ಲಿ ಒಮ್ಮೆಯೂ ಹೇಳಿಕೊಳ್ಳಲಿಲ್ಲ ಎಂಬುದು ನಿಜ.

ಮಾರ್ಚಿನಲ್ಲಿ ಅವನ ಕೆಲಸದ ಅವಧಿ ಮುಗಿಯಿತು. ಹೊರಡುವ ಮುನ್ನಾದಿನ ಸಂಜೆ ಅವಳು ಕೊನೆಯ ಪುಡಿಯನ್ನೆಲ್ಲ ಹಾಕಿ ಕಾಫಿಗಿಟ್ಟಳು. ಅವನು ಇಸ್ತಾನ್‌ಬುಲ್ ಮೇಲಿಂದ ದ್ವೀಪದ ಉತ್ತರಕ್ಕೆ ಹೋಗುವವನು. ಅವಳು ಬೇಸಿಗೆಯಲ್ಲಿ ದಕ್ಷಿಣಕ್ಕೆ. ಮನೆಯಿಂದ ಮನೆಗೆ ನಡೆದೇ ಹೋಗಬಹುದಂತೆ, ಆದರೆ ನಡುವಿನ ಬೇಲಿಯ ದಾರಿಗಳನ್ನು ಕೊರೋನಾ ನೆಪದಲ್ಲಿ ಮುಚ್ಚಿದ್ದರು. ಯಾವಾಗ ತೆಗೆಯುತ್ತಾರೋ ಯಾರಿಗೂ ಗೊತ್ತಿರಲಿಲ್ಲ.

ಕಾಫಿ ಚೆನ್ನಾಗಿ ನೊರೆ ಬಿಟ್ಟಿತ್ತು. ಅವಳು ಚಮಚದಿಂದ ಅಷ್ಟನ್ನೂ ಎತ್ತಿ ಅವನ ಕಪ್ಪಿಗೆ ಹಾಕಿದಳು. ನನಗೆ ಕೊಟ್ಟದ್ದು ಬರೀ ಕರಿ ಕಾಫಿ.

ನಾನು ಇಷ್ಟು ದಿನ ಬಯಸಿದ್ದ, ಮನೆಯವರ ಕಪ್ ಅದು. ಯಾರಾದರೂ ತಪ್ಪಾಯಿತೆಂದು ವಾಪಸ್ ಕೇಳಿಬಿಟ್ಟಾರು ಎಂಬಂತೆ, ಬಿಸಿಯನ್ನೂ ಲೆಕ್ಕಿಸದೆ ಒಂದು ಗುಟುಕು ಹೀರಿಬಿಟ್ಟೆ.

ಅವನು ಮಾತ್ರ ತನ್ನ ಕಪ್ಪನ್ನು ಮುಟ್ಟಲಿಲ್ಲ. "ನೊರೆ ನನಗ್ಯಾಕೆ?" ಎಂದ.

"ಇನ್ಮೇಲೆ ನೀನು ನಮ್ಮನೆಗೆ ಬಂದ್ರೆ ಅತಿಥಿ ತಾನೆ," ಎಂದಳು ಅವಳು. "ಬರೋಕೆ ಬಿಟ್ರೆ."

ಅವನು ಪ್ಲಾಸ್ಟಿಕ್ ಪರದೆಯಿಂದ ಇತ್ತ ತಿರುಗಿ ನನ್ನ ಕಪ್ಪನ್ನೇ ನೋಡುತ್ತಿದ್ದ. ಅವನಿಗೆ ಅದು ಬೇಕಿತ್ತು, ನನಗೆ ಬೇಕಾಗಿದ್ದದ್ದಕ್ಕಿಂತ ಹೆಚ್ಚಾಗಿ ಬೇಕಿತ್ತು. ಎದ್ದು ಹೋಗಿ ಬದಲಾಯಿಸಿಕೊಳ್ಳೋಣ ಎಂದು ಸ್ಟೂಲಿನಿಂದ ಇಳಿದೆ ಕೂಡ. ಆದರೆ ನಾನಾಗಲೇ ಅದನ್ನು ಎಂಜಲು ಮಾಡಿದ್ದೆ.